ಅವ್ವನ ಜೊತೆ ಚಂದ್ರುವಿನ ದೋಣಿಗೆ

ಹೊಸಹಳ್ಳಿ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಬೀದಿಯವರು ಮೊದಲು ಕೇಳುವುದು, "ಏನ್ ತಂದ್ರಿ?" ಅಂತ. ನಾನು ಮತ್ತು ಅವ್ವ ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ಹೋಗಿ ಬಂದಾಗ ಮಾತ್ರ ಯಾರೂ ಹಾಗೆ ಕೇಳಲಿಲ್ಲ. ನಾವು ಯಾಕೆ ಹೋಗಿದ್ದೆವೆಂಬುದು ಮೆಟ್ರೊ ಸ್ಟೇಷನ್ ಕೆಳಗೆ ಹೂವು ಕಟ್ಟುವವಳಿಗೂ ಗೊತ್ತಿತ್ತು. ಕೇಳದೆ ಬಿಟ್ಟದ್ದು ಅವರ ದೊಡ್ಡತನ. ಆದರೆ ಯಾರೂ ಕೇಳದೇ ಹೋದರೆ ಹೇಳಬೇಕೆನ್ನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಇಲ್ಲೇ ಹೊಲ ಉಳುತ್ತಿದ್ದ ಮನೆತನ. ಹೊಲಗಳೆಲ್ಲ ಸೈಟುಗಳಾದ ಮೇಲೆ ನಾನು ಕುರುಬರಹಳ್ಳಿಯಲ್ಲಿ ಪೈಪು, ನಲ್ಲಿ, ವಾಲ್ವು ಮಾರುವ ಅಂಗಡಿ ಇಟ್ಟೆ. ನಮ್ಮ ಪೈಕಿ ಯಾರಿಗೂ ಈಜು ಬರುವುದಿಲ್ಲ. ನಮಗೆ ನೀರೆಂದರೆ ಮೊದಲು ಬಾವಿ, ಆಮೇಲೆ ಬೋರ್‌ವೆಲ್, ಈಗ ಟ್ಯಾಂಕರ್. ಇಂಥ ಮನೆಯಲ್ಲಿ ಹುಟ್ಟಿದ ನನ್ನ ತಮ್ಮ ಚಂದ್ರುವಿಗೆ ಸಮುದ್ರದ ಹುಚ್ಚು ಎಲ್ಲಿಂದ ಹಿಡಿಯಿತೋ ದೇವರಿಗೇ ಗೊತ್ತು. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಬಹಳ ವರ್ಷ ದುಡಿದ. ಮದುವೆಯ ಮಾತೆತ್ತಿದರೆ ನಗಾಡಿ ಮಾತು ಮರೆಸುತ್ತಿದ್ದ. ಐವತ್ತರ ಹತ್ತಿರ ಬಂದಾಗ ಕೆಲಸ ಬಿಟ್ಟು, ಲಂಕಾವಿಯಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡು ಅದರಲ್ಲೇ ಸಂಸಾರ ಹೂಡಿದ.

"ಮಂಗಳೂರಿಗೆ ತರ್ತೀನಿ ಕಣವ್ವ. ನೀನು ಅಲ್ಲಿಗೆ ಬಾ, ಹತ್ತಿಸ್ಕೊಂಡು ಒಂದು ರೌಂಡ್ ಹೊಡೆಸ್ತೀನಿ," ಎಂದು ಫೋನಿನಲ್ಲಿ ಹೇಳುತ್ತಿದ್ದ.

ಹಾಗೆ ತರಲೆಂದೇ ಒಬ್ಬನೇ ಹೊರಟ. ಆಮೇಲೆ ದೋಣಿ ಮಾತ್ರ ಸಿಕ್ಕಿತು. ಹಾಯಿ ಬಿಚ್ಚಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತಿದ್ದ ಅದನ್ನು ಮೀನುಗಾರರು ಹಿಡಿದು ಮತ್ತೆ ಲಂಕಾವಿಗೆ ಎಳೆದು ತಂದರು. ಒಳಗೆ ಚಂದ್ರು ಇರಲಿಲ್ಲ. ಹುಡುಕಿದವರಿಗೂ ಸಿಗಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಮನೆಗೆ ಹಿರಿಯರಾದವರು ಬಾಗಿಲು ತಟ್ಟಿ ತೆಗೆಯುತ್ತಾರೆ. ನಮ್ಮಪ್ಪನ ಎಲೆಯಲ್ಲಿ ಕೋಳಿ ಸಾರಿನ ಪಕ್ಕ ಒಂದು ಕಟ್ಟು ಬೀಡಿಯೂ ಇರುತ್ತದೆ. ಕಳೆದ ಅಮಾವಾಸ್ಯೆಯಂದು ನನ್ನ ಹೆಂಡತಿ ಸುಧಾ ಅಪ್ಪನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ಅವ್ವ ಅದನ್ನು ಮಡಚಿ ತೆಗೆದುಬಿಟ್ಟಳು.

"ಬದ್ಕಿರೋನಿಗೆ ಎಡೆ ಇಕ್ತಾರೇನೇ? ನಾನು ಆ ದೋಣಿ ನೋಡ್ಬೇಕು. ಅದನ್ನ ನೋಡೋಗಂಟ ಈ ಮನೇಲಿ ಯಾರೂ ಅವನ ಹೆಸರಿಗೆ ಎಲೆ ಹಾಕ್ಬ್ಯಾಡಿ," ಅಂದಳು.

ದೋಣಿಯನ್ನು ಏನು ಮಾಡುತ್ತೀರಿ ಎಂದು ಲಂಕಾವಿಯವರೂ ಕೇಳುತ್ತಲೇ ಇದ್ದರು. ಮಂಡಿನೋವಿಗೆ ಮಹಡಿ ಹತ್ತದ ಅವ್ವ ಪಾಸ್‌ಪೋರ್ಟ್ ಮಾಡಿಸಿಕೊಂಡಳು.

ವಿಮಾನ ನಿಲ್ದಾಣ

ಅವ್ವನ ಬ್ಯಾಗಿನಲ್ಲಿ ರಾಗಿಹಿಟ್ಟು ಇರುವುದು ನನಗೆ ಗೊತ್ತಿತ್ತು. ಅದರ ಕೆಳಗೆ ಒಣಗಿದ ಅವರೆಕಾಳೂ ಇರುವುದು ಗೊತ್ತಿರಲಿಲ್ಲ. ಮಲೇಷ್ಯಾದಲ್ಲಿ ಇಳಿದಾಗ ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯೊಬ್ಬಳು ಬ್ಯಾಗು ಬಿಚ್ಚಿಸಿ, ರಾಗಿಹಿಟ್ಟಿನ ಕವರನ್ನು ಬೆಳಕಿಗೆ ಹಿಡಿದು, ಇದೇನು ಎಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಅವಳ ಹುಬ್ಬು ಮೇಲಕ್ಕೆ ಹೋಯಿತು.

"ಒಂದು ಒಲೆ ಕೊಡ್ಸಕ್ಕೆ ಹೇಳ್ಲಾ. ಮುದ್ದೆ ಮಾಡಿಕೊಡ್ತೀನಿ, ತಿಂದು ನೋಡ್ಲಿ ಮಗಾ," ಅಂದಳು ಅವ್ವ.

ಪಕ್ಕದ ಮೇಜಿನಲ್ಲಿದ್ದ ತಮಿಳು ಅಧಿಕಾರಿಯೊಬ್ಬರು ಬಂದು, ಮೂಸಿ ನೋಡಿ, ನಕ್ಕು, ಇದು ನಮ್ಮಜ್ಜಿ ಗಂಜಿ ಮಾಡುತ್ತಿದ್ದ ಕೇಪ್ಪೈ, ಅಂದರೆ ರಾಗಿ, ಎಂದು ಹಿಟ್ಟನ್ನು ಬಿಟ್ಟುಕೊಟ್ಟರು. ಅವರೆಕಾಳನ್ನು ಬಿಡಲಿಲ್ಲ. ಬೀಜ ತರುವಂತಿಲ್ಲವಂತೆ. ಅವ್ವ ಶ್ರೀರಾಂಪುರದ ಮಾರ್ಕೆಟ್ಟಿನಲ್ಲಿ ಕಲಿತ ತಮಿಳನ್ನೆಲ್ಲ ಖರ್ಚು ಮಾಡಿದರೂ ಆ ಕಾಳು ಕಸದ ಡಬ್ಬಿಗೇ ಹೋಯಿತು.

ಮುಂದಿನ ವಿಮಾನದಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಳು. ಅವರೆಕಾಳು ಸಾರೆಂದರೆ ಚಂದ್ರುವಿಗೆ ಪ್ರಾಣ. ಬದುಕಿರುವ ಮಗನಿಗೆಂದು ತಂದಿದ್ದಳೋ, ಇಲ್ಲದ ಮಗನಿಗೆಂದು ತಂದಿದ್ದಳೋ, ನನಗೆ ಕೇಳಲು ಧೈರ್ಯ ಬರಲಿಲ್ಲ.

ದೋಣಿಕಟ್ಟೆ

ಲಂಕಾವಿಯಲ್ಲಿ ಹಾಯಿದೋಣಿಗಳನ್ನು ಸಾಲಾಗಿ ಕಟ್ಟಿಹಾಕುವ ಜಾಗವಿದೆ. ನಮ್ಮ ವಿಜಯನಗರದ ಅಡ್ಡರಸ್ತೆಗಳ ಹಾಗೆಯೇ. ನೀರಿನ ಮೇಲೆ ಮರದ ಹಲಗೆಯ ದಾರಿ, ಎರಡೂ ಕಡೆ ಒತ್ತೊತ್ತಾಗಿ ದೋಣಿ, ಕಂಬಿಯ ಮೇಲೆ ಒಣಗುವ ಬನಿಯನ್, ಕುಂಡದಲ್ಲಿ ಒಂದು ಮೆಣಸಿನ ಗಿಡ. ಈ ದೋಣಿಯವರು ಪ್ರಪಂಚ ಸುತ್ತುತ್ತಾರೆ ಅನ್ನುವ ಹೆಸರಿದ್ದರೂ ಹೆಚ್ಚಿನವರು ಅವತ್ತು ಏನಾದರೂ ಒಂದು ರಿಪೇರಿ ಮಾಡುತ್ತ ಕೂತಿದ್ದರು. ಒಬ್ಬ ಬಿಳಿಗಡ್ಡದವನು ಪಂಪ್ ಬಿಚ್ಚಿಕೊಂಡು ಅದನ್ನೇ ಬೈಯುತ್ತಿದ್ದ. ವಾಷರ್ ತಿರುಗಾಮುರುಗಾ ಕೂರಿಸಿದ್ದು ನನಗೆ ದೂರದಿಂದಲೇ ಕಂಡಿತು.

ಚಂದ್ರುವಿನ ದೋಣಿಯ ಪಕ್ಕದ ದೋಣಿಯಲ್ಲಿದ್ದವಳು ಇಂಗಾ. ನಾರ್ವೆಯವಳು, ಅವ್ವನಿಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ಹಾಯಿ ಕಟ್ಟುವುದನ್ನು ಚಂದ್ರುವಿಗೆ ಕಲಿಸಿದ್ದು ಅವಳೇ. ಅವನು ಹೊರಟಾಗ ಹಗ್ಗ ಬಿಚ್ಚಿಕೊಟ್ಟವಳೂ ಅವಳೇ, ದೋಣಿ ಖಾಲಿಯಾಗಿ ವಾಪಸು ಬಂದ ಮೇಲೆ ಅದನ್ನು ಒರೆಸಿ ಒಪ್ಪ ಮಾಡಿಟ್ಟವಳೂ ಅವಳೇ. ಅವ್ವನನ್ನು ನೋಡಿ ಅವಳ ಎರಡೂ ಕೈ ಹಿಡಿದುಕೊಂಡು ನಿಂತಳು. ಅವ್ವ ಅವಳನ್ನು ಆ ಕ್ಷಣದಿಂದಲೇ ಇಂಗಮ್ಮ ಎಂದು ಕರೆದಳು.

ದೋಣಿ ಹತ್ತುವ ಮುಂಚೆ ಚಪ್ಪಲಿ ಬಿಡಬೇಕು ಎಂದಾಗ ಅವ್ವನಿಗೆ ಇಂಗಮ್ಮನ ಮೇಲೆ ಗೌರವ ಬಂತು. ಮರುಗಳಿಗೆಯೇ ಅದು ಹೋಯಿತು. ದಾರಿಯಲ್ಲಿ ಕೊಂಡಿದ್ದ ಬಾಳೆಹಣ್ಣಿನ ಚಿಪ್ಪನ್ನು ಇಂಗಮ್ಮ ಒಳಗೆ ಬಿಡಲಿಲ್ಲ. ದೋಣಿಗೆ ಬಾಳೆಹಣ್ಣು ತಂದರೆ ಕೆಡುಕಂತೆ. ಹಳೆಯ ನಾವಿಕರ ನಂಬಿಕೆ, ಚಂದ್ರುವೂ ಪಾಲಿಸುತ್ತಿದ್ದನಂತೆ.

"ಬಾಳೆಹಣ್ಣಿಗೆ ಹೆದ್ರೋ ಜನ, ಸಮುದ್ರಕ್ಕೆ ಹೆದ್ರಲ್ವಂತಾ?" ಅಂದಳು ಅವ್ವ.

ನಾನು ಅದನ್ನು ಅನುವಾದ ಮಾಡಲಿಲ್ಲ. ಹಣ್ಣನ್ನು ಹಲಗೆಯ ಮೇಲೆ ಇಟ್ಟೆವು. ನಾವು ತಿರುಗಿ ನೋಡುವಷ್ಟರಲ್ಲಿ ಕೋತಿಯೊಂದು ಅದನ್ನು ಎತ್ತಿಕೊಂಡು ಪಂಪ್ ರಿಪೇರಿಯವನ ದೋಣಿಯ ಕಂಬ ಹತ್ತಿ ಕೂತಿತ್ತು. ಅವನಿಗೆ ಬೈಯಲು ಇನ್ನೊಂದು ಕಾರಣ ಸಿಕ್ಕಿತು.

ದೋಣಿಯ ಮೇಲೆ

ನಾನು ದೊಡ್ಡದೇನನ್ನೋ ಕಲ್ಪಿಸಿಕೊಂಡಿದ್ದೆ. ಮೂವತ್ತು ನಲವತ್ತರ ಸೈಟಿನಲ್ಲಿ ಅಂಥ ಮೂರು ದೋಣಿ ಹಿಡಿಸಬಹುದು. ಇಷ್ಟರಲ್ಲಿ ಸಾಗರ ದಾಟುತ್ತಾರೆಯೇ ಎಂದು ಕೇಳಿದೆ. ಇಂಗಮ್ಮನಿಗೆ ಆ ಪ್ರಶ್ನೆ ಹಿಡಿಸಿತೆಂದು ಕಾಣುತ್ತದೆ. ನಮ್ಮನ್ನು ಕೂರಿಸಿಕೊಂಡು ಒಂದೊಂದಾಗಿ ತೋರಿಸಿದಳು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ.

ನೀರಿನ ಮೇಲೆ ಕಾಣುವುದು ಅರ್ಧ ದೋಣಿಯಂತೆ. ಕೆಳಗೆ ಮೂತಿಯಿಂದ ಹಿಂಬದಿಯವರೆಗೆ ಬೆನ್ನುಮೂಳೆಯ ಹಾಗೆ ಒಂದು ಭಾಗ ಇಳಿದಿದೆ, ಅದರ ಹೊಟ್ಟೆಯಲ್ಲಿ ಸೀಸ ತುಂಬಿದ್ದಾರೆ. ಅಲೆ ಬಂದು ದೋಣಿಯನ್ನು ಬೋರಲು ಹಾಕಿದರೂ ಆ ಭಾರ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ.

"ತಲೆ ತಟ್ಟುದ್ರೂ ಎದ್ದು ಕೂತ್ಕೊಳ್ಳೋ ಬೊಂಬೆ ಇರ್ತಿತ್ತಲ್ಲ, ಹಂಗೆ," ಅಂದಳು ಅವ್ವ.

ದೋಣಿ ನಡೆಸುವವನು ಕೂರುವ ಜಾಗ ಒಂದು ಸಣ್ಣ ಹಳ್ಳ. ಅದನ್ನು ಬೇಕೆಂದೇ ಸಣ್ಣದು ಮಾಡಿದ್ದಾರೆ, ಅಲೆ ಒಳಗೆ ಬಿದ್ದರೆ ಹೆಚ್ಚು ನೀರು ನಿಲ್ಲಬಾರದು. ನೀರು ಹೋಗಲು ಎರಡು ತೂತು, ಒಂದೊಂದೂ ನನ್ನ ಮುಷ್ಟಿಯಷ್ಟು ಅಗಲ. ತಾರಸಿಗೆ ಇಷ್ಟು ಅಗಲದ ಪೈಪ್ ಹಾಕಿಸಿ ಎಂದು ನಾನು ಬಸವೇಶ್ವರನಗರದ ಮೇಸ್ತ್ರಿಗಳಿಗೆ ಬಡಿದುಕೊಂಡರೂ ಒಬ್ಬರೂ ಕೇಳಿಲ್ಲ. ಕಂಬಿಗಳು, ಕೊಕ್ಕೆಗಳು, ಒಂದಕ್ಕೂ ತುಕ್ಕಿಲ್ಲ. ಪ್ರತಿಯೊಂದು ಬೋಲ್ಟಿನ ಹಿಂದೆಯೂ ಅಗಲವಾದ ತಗಡು ಕೊಟ್ಟು ಬಿಗಿದಿದ್ದರು. ಅಂಗಡಿಯವನ ಕಣ್ಣಿಗೆ ಅದೊಂದು ಹಬ್ಬ. ನಾನು ಖುಷಿಯಿಂದ ಸವರಿ ನೋಡುತ್ತಿದ್ದೆ, ಆಮೇಲೆ ಯಾರ ದೋಣಿಯೆಂದು ನೆನಪಾಗಿ ಕೈ ತೆಗೆದೆ.

ಇಡೀ ದೋಣಿಯ ಸುತ್ತ ತಂತಿಯ ಬೇಲಿ. ನೆಲದ ಮೇಲೆ ಮುಂದಿನಿಂದ ಹಿಂದಿನವರೆಗೆ ಒಂದು ಗಟ್ಟಿ ಪಟ್ಟಿ ಬಿಗಿದಿತ್ತು. ಒಬ್ಬನೇ ಇರುವವನು ಎದೆಗೆ ಒಂದು ಬೆಲ್ಟ್ ಹಾಕಿಕೊಂಡು ಅದರ ಕೊಕ್ಕೆಯನ್ನು ಈ ಪಟ್ಟಿಗೆ ಸಿಕ್ಕಿಸಿಕೊಂಡೇ ಓಡಾಡಬೇಕು, ಕಾಲು ಜಾರಿದರೂ ದೋಣಿ ಬಿಟ್ಟು ಹೋಗುವುದಿಲ್ಲ.

"ಇಷ್ಟೆಲ್ಲ ಐತಲ್ಲ. ಬೀಳ್ದಂಗೆ ಇಷ್ಟೊಂದು ಮಾಡವ್ರಲ್ಲ. ಹಂಗಾದ್ರೆ ಅವ್ನು ಹೆಂಗ್ಲಾ ಬೀಳ್ತಾನೆ?" ಅಂದಳು ಅವ್ವ. ಅವಳ ದನಿಯಲ್ಲಿ ಆಸೆ ಇತ್ತು.

ಒಳಗೆ

ಮೆಟ್ಟಿಲಿಳಿದರೆ ಒಂದೇ ಕೋಣೆ. ಬಾಗಿಲೆಂದರೆ ಬಾಗಿಲಲ್ಲ, ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಚೌಕಟ್ಟಿನ ತೋಡಿಗೆ ಇಳಿಸಿ ಮುಚ್ಚುವುದು, ನಮ್ಮ ಹಳೆಯ ಅಂಗಡಿಗಳಿಗೆ ಇರುತ್ತಿದ್ದ ಹಾಗೆ. ಕಪಾಟುಗಳಿಗೆಲ್ಲ ಚಿಲಕ. ತಲೆಯ ಮೇಲೆ ಎರಡೂ ಕಡೆ ಮರದ ಹಿಡಿಕೆಗಳು, ದೋಣಿ ಎಷ್ಟು ವಾಲಿದರೂ ಒಂದಲ್ಲ ಒಂದು ಕೈಗೆ ಸಿಗಬೇಕು ಎಂದು. ಚಂದ್ರುವಿನ ಕೈ ತಾಗಿ ಸವೆದು ಅವು ಹೊಳೆಯುತ್ತಿದ್ದವು. ಅವನು ಅಪ್ಪನ ಹಾಗೆ ಎತ್ತರ. ಅವ್ವ ತುದಿಗಾಲಲ್ಲಿ ನಿಂತರೂ ಅವಳಿಗೆ ಎಟುಕಲಿಲ್ಲ.

ಮಲಗುವ ಜಾಗ ಬಹಳ ಕಿರಿದು, ಪಕ್ಕಕ್ಕೆ ಒಂದು ದಪ್ಪ ಬಟ್ಟೆ ಎತ್ತಿ ಕಟ್ಟಿದ್ದರು, ನಿದ್ದೆಯಲ್ಲಿ ಉರುಳದಿರಲೆಂದು. ಅವ್ವ ಅದನ್ನು ಮುಟ್ಟಿ, "ತೊಟ್ಲು," ಅಂದಳು. ಆಮೇಲೆ ಬಹಳ ಹೊತ್ತು ಆ ಬಟ್ಟೆಯನ್ನು ಬಿಡಲೇ ಇಲ್ಲ.

ಅವಳನ್ನು ಅಲ್ಲಿಂದ ಎಬ್ಬಿಸಿದ್ದು ಒಲೆ. ಎರಡು ಬರ್ನರಿನ ಗ್ಯಾಸ್ ಒಲೆ, ಆದರೆ ಅದು ಕಟ್ಟೆಯ ಮೇಲೆ ಕೂತಿರಲಿಲ್ಲ. ಎರಡು ಪಕ್ಕದಲ್ಲಿ ಎರಡು ಗೂಟಕ್ಕೆ ತೂಗುಬಿದ್ದಿತ್ತು. ದೋಣಿ ವಾಲಿದರೂ ಒಲೆ ವಾಲುವುದಿಲ್ಲ, ಮೇಲಿಟ್ಟ ಪಾತ್ರೆಯಿಂದ ಒಂದು ತೊಟ್ಟೂ ಚೆಲ್ಲುವುದಿಲ್ಲ. ಪಾತ್ರೆ ಸರಿಯದಂತೆ ಸುತ್ತ ಕಂಬಿ. ಅಡುಗೆ ಮಾಡುವವನು ಬೀಳದಿರಲೆಂದು ಅವನ ಸೊಂಟಕ್ಕೂ ಒಂದು ಪಟ್ಟಿ. ಅವ್ವ ಒಲೆಯನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಅದು ತೂಗಿ ತೂಗಿ ಮತ್ತೆ ನೇರಕ್ಕೆ ಬಂದು ನಿಂತಿತು. ಪಕ್ಕದ ಕಪಾಟಿನಲ್ಲಿ ಅವಳದೇ ಹೆಸರು ಕೊರೆಸಿದ ಸ್ಟೀಲ್ ತಟ್ಟೆ ಇತ್ತು, ಅವನು ಯಾವಾಗಲೋ ಮನೆಯಿಂದ ಹೊತ್ತೊಯ್ದದ್ದು. ಅದು ಕಾಣೆಯಾಯಿತೆಂದು ಅವ್ವ ಹಿಂದೆ ಕೆಲಸದವಳ ಮೇಲೆ ಗುಮಾನಿ ಪಟ್ಟಿದ್ದಳು.

"ದೋಣಿ ಸಿಕ್ದಾಗ ಒಲೆ ಮೇಲೆ ಏನಿತ್ತು ಕೇಳ್ಲಾ," ಅಂದಳು.

ಇಂಗಮ್ಮ ಹೇಳಿದಳು. ಒಂದು ಪಾತ್ರೆ ಇತ್ತು, ಮುಚ್ಚಿತ್ತು. ಒಳಗೆ ತೊಳೆದು ನೆನೆಹಾಕಿದ ಅಕ್ಕಿ. ಅಷ್ಟು ದಿನ ದೋಣಿ ಅಲೆಯ ಮೇಲೆ ಕುಣಿದಿದ್ದರೂ ನೀರು ಕೂಡ ಚೆಲ್ಲಿರಲಿಲ್ಲ. ಅಕ್ಕಿ ಮಾತ್ರ ಹುಳಿ ಬಂದಿತ್ತು.

"ಉಂಡಿಲ್ಲ ಹಂಗಾದ್ರೆ," ಅಂದಳು ಅವ್ವ. ಆಮೇಲೆ, "ಅಕ್ಕಿ ತೊಳ್ದಿಟ್ಟೋನು ಒಲೆ ಯಾಕೆ ಹಚ್ಚಿಲ್ಲ?"

ಹಿಂಬದಿ

ಅದಕ್ಕೆ ಉತ್ತರ ಕೊಡಲು ಇಂಗಮ್ಮ ನಮ್ಮನ್ನು ದೋಣಿಯ ಹಿಂಬದಿಗೆ ಕರೆದುಕೊಂಡು ಹೋದಳು. ಸುತ್ತ ಇದ್ದ ಬೇಲಿಗೆ ಅಲ್ಲೊಂದು ಕಡೆ ಮಾತ್ರ ಬಾಗಿಲಿತ್ತು. ಅದರಾಚೆ ನೀರಿನ ಮಟ್ಟಕ್ಕೆ ಒಂದು ಕಿರಿದಾದ ಮೆಟ್ಟಿಲು, ದೋಣಿ ನಿಂತಿದ್ದಾಗ ಈಜಿ ಬಂದವರು ಹತ್ತಲೆಂದು ಇಟ್ಟದ್ದು.

ಚಂದ್ರು ದಿನಾ ಬೆಳಗ್ಗೆ ಇಲ್ಲಿ ನಿಂತು ಸ್ನಾನ ಮಾಡುತ್ತಿದ್ದನಂತೆ. ಅಕ್ಕಿ ತೊಳೆದಿಟ್ಟು ಬಂದು, ಹಗ್ಗ ಕಟ್ಟಿದ ಬಕೆಟ್ಟಿನಿಂದ ನೀರು ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದ. ಮೊದಲು ತಿಂಡಿ ತಿನ್ನು, ಸ್ನಾನ ಆಮೇಲೆ ಆದೀತು ಎಂದು ಇಂಗಮ್ಮ ನಗುತ್ತಿದ್ದಳು. ನಮ್ಮನೆಯಲ್ಲಿ ಮೈಗೆ ನೀರು ಹಾಕಿಕೊಳ್ಳದೆ ಒಲೆ ಹಚ್ಚುವ ಹಾಗಿಲ್ಲ ಎನ್ನುತ್ತಿದ್ದನಂತೆ. ಬೆಲ್ಟನ್ನಾದರೂ ಹಾಕಿಕೋ ಎಂದರೆ, ಬೆಲ್ಟ್ ಕಟ್ಟಿಕೊಂಡು ಯಾರು ಸ್ನಾನ ಮಾಡುತ್ತಾರೆ ಎಂದು ಗೂಟಕ್ಕೆ ನೇತುಹಾಕಿ ಬರುತ್ತಿದ್ದ. ನಮ್ಮೂರಿನಲ್ಲಿ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುವವರು ನೆನಪಾದರು.

ದೋಣಿ ಸಿಕ್ಕಾಗ ಬೆಲ್ಟ್ ಗೂಟದಲ್ಲೇ ಇತ್ತು. ಮೆಟ್ಟಿಲಿನ ಬಾಗಿಲು ತೆರೆದಿತ್ತು. ಟವೆಲ್ಲು, ಒಗೆದ ಅಂಗಿ ಒಳಗೆ ಮಡಚಿಟ್ಟಂತೇ ಇದ್ದವು. ಬಕೆಟ್ಟು ಹಗ್ಗದ ತುದಿಯಲ್ಲಿ ನೀರಿನಲ್ಲಿ ಎಳೆದಾಡುತ್ತ ಬಂದಿತ್ತು.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಿದವನು ನಾನೊಬ್ಬನೇ. ಕನ್ನಡದಲ್ಲಿ ಹೇಳದೆ ಬಿಡಬಹುದಿತ್ತು. ಮೈಗೆ ನೀರು ಹಾಕಿಕೊಳ್ಳದೆ ಒಲೆ ಮುಟ್ಟಬೇಡಿ ಎಂದು ನಮ್ಮಿಬ್ಬರನ್ನೂ ಬಾಲ್ಯದಿಂದ ಗದರಿಸಿದವಳು ಅವ್ವ. ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ದೂರ ಬಂದವಳಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಹೇಳಿದೆ.

ಅವ್ವ ಹಿಂಬದಿಯಲ್ಲಿ ಗಾಳಿಗೆ ನಿಂತಿದ್ದ ತೆಳುವಾದ ಹಲಗೆಯನ್ನು ತೋರಿಸಿ, "ಅದೇನು?" ಎಂದು ಕೇಳಿದಳು.

ಅದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹಿಡಿದು ಚುಕ್ಕಾಣಿಯನ್ನು ತಾನೇ ತಿರುಗಿಸುವ ಯಂತ್ರ. ಕರೆಂಟು ಬೇಡ, ಮನುಷ್ಯ ಬೇಡ. ಒಬ್ಬನೇ ಇರುವವನು ಮಲಗಿದಾಗ, ಅಡುಗೆ ಮಾಡುವಾಗ, ದೋಣಿ ದಾರಿ ತಪ್ಪುವುದಿಲ್ಲ.

"ಅವ್ನು ಬಿದ್ಮೇಲೂ ಇದು ಹೋಗ್ತಾನೇ ಇತ್ತಾ?"

ಇಂಗಮ್ಮನಿಗೆ ಕನ್ನಡ ಬರದಿದ್ದರೂ ಆ ಪ್ರಶ್ನೆ ಅರ್ಥವಾಯಿತು. ಹೌದೆಂದು ತಲೆಯಾಡಿಸಿದಳು.

ಆ ದೋಣಿಯ ವೇಗ ಮನುಷ್ಯ ಬಿರುಸಾಗಿ ನಡೆಯುವಷ್ಟು. ಈಜುವವನ ಕೈಗೆ ಸಿಗದೆ ಹೋಗಲು ಅಷ್ಟು ಸಾಕು. ಕೆಟ್ಟದಾಗಿ ಕಟ್ಟಿದ ದೋಣಿಯಾಗಿದ್ದರೆ ಅವನು ಬಿದ್ದೊಡನೆ ಗೊತ್ತುಗುರಿಯಿಲ್ಲದೆ ತಿರುಗಿ ಅಲ್ಲೇ ನಿಲ್ಲುತ್ತಿತ್ತು. ಇದು ಒಳ್ಳೆಯ ದೋಣಿ. ಅವನು ಹೇಳಿಕೊಟ್ಟ ದಾರಿಯಲ್ಲೇ ಅವನನ್ನು ಬಿಟ್ಟು ಹೋಯಿತು. ನನಗೆ ಆ ಹಲಗೆಯನ್ನು ಕಿತ್ತು ನೀರಿಗೆ ಎಸೆಯಬೇಕೆನ್ನಿಸಿತು. ಕಂಬಿ ಹಿಡಿದುಕೊಂಡು ಅತ್ತೆ.

ಕೊನೆಯ ಬೆಳಗ್ಗೆ

ಮರುದಿನ ಸಂಜೆ ನಮ್ಮ ವಿಮಾನ. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವ್ವ ರಾಗಿಹಿಟ್ಟಿನ ಕವರು ಹಿಡಿದು ತಂಗಿದ್ದ ರೂಮಿನ ಬಾಗಿಲಲ್ಲಿ ನಿಂತಿದ್ದಳು. ದಾರಿಯಲ್ಲಿ ಅಲಸಂದೆ ಕಾಳು ಕೊಂಡೆವು. ಬಾಳೆಹಣ್ಣು ಮಾರುವವನು ಕರೆದರೂ ಅವ್ವ ತಿರುಗಲಿಲ್ಲ.

"ಅವ್ನ ದೋಣಿಗೆ ಬ್ಯಾಡ ಅಂದ್ಮೇಲೆ ಬ್ಯಾಡ," ಅಂದಳು.

ದೋಣಿಯೊಳಗೆ ಇಳಿದು ಅವಳು ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಾಗ ನಾನು ಗಮನಿಸಿದೆ. ಅವಳ ತಲೆ ಒದ್ದೆಯಿರಲಿಲ್ಲ, ನಿನ್ನೆಯ ಸೀರೆಯೇ ಇತ್ತು. ನನಗೆ ಬುದ್ಧಿ ಬಂದಾಗಿನಿಂದ ಅವ್ವ ಹಾಗೆ ಒಲೆಯ ಹತ್ತಿರ ಹೋದದ್ದನ್ನು ನಾನು ನೋಡಿಲ್ಲ. ಜ್ವರ ಬಂದಾಗಲೂ ಇಲ್ಲ, ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಇಲ್ಲ.

"ಅವ್ವ, ಸ್ನಾನ ಮಾಡಿಲ್ವಲ್ಲ ನೀನು."

"ಇವತ್ತು ಬ್ಯಾಡ ಕಣಪ್ಪ. ಮಗ ಹಸ್ಕೊಂಡವ್ನೆ," ಅಂದಳು, ಒಲೆ ಹಚ್ಚಿದಳು.

ಕಟ್ಟಿಹಾಕಿದ ದೋಣಿ ಅಲ್ಲಾಡುತ್ತಿರಲಿಲ್ಲ. ಆದರೂ ಅಡುಗೆಯವನ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ನಿಂತಳು. ಅವನ ಡಬ್ಬಿಯಲ್ಲಿ ಉಳಿದಿದ್ದ ಅಕ್ಕಿಯನ್ನೇ ತೊಳೆದು ಅನ್ನ ಮಾಡಿದಳು. ಒಂದು ಮುದ್ದೆ ಕಟ್ಟಿದಳು, ಅಲಸಂದೆ ಸಾರು ಮಾಡಿದಳು, ರುಚಿ ನೋಡಲಿಲ್ಲ, ಎಡೆಗೆ ಮಾಡಿದ್ದನ್ನು ಯಾರೂ ಮೊದಲು ರುಚಿ ನೋಡುವುದಿಲ್ಲ. ತನ್ನ ಹೆಸರಿನ ತಟ್ಟೆಗೆ ಎಲ್ಲವನ್ನೂ ಬಡಿಸಿದಳು. ತಟ್ಟೆಯನ್ನು ಎಲ್ಲಿಡುವುದೆಂದು ಸುತ್ತ ನೋಡಿ, ಒಲೆ ಆರಿಸಿ, ಆ ತೂಗುವ ಒಲೆಯ ಮೇಲೆಯೇ ಇಟ್ಟಳು. ಪಕ್ಕದಲ್ಲಿ ಒಂದು ಲೋಟ ನೀರು.

ಮೇಲೆ ಬಂದು, ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ನನ್ನ ಕೈಯಲ್ಲಿ ಇಳಿಸಿ ಮುಚ್ಚಿಸಿದಳು. ಆಮೇಲೆ ಅದಕ್ಕೆ ಬೆನ್ನು ಮಾಡಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಇಂಗಮ್ಮ ಬಂದು, ಏನಾಗುತ್ತಿದೆ ಎಂದು ಕಣ್ಣಿನಲ್ಲೇ ಕೇಳಿದಳು. ಒಳಗೆ ಚಂದ್ರು ಊಟ ಮಾಡುತ್ತಿದ್ದಾನೆ ಎಂದು ಹೇಳಿದೆ. ಬೇರೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ. ಅವಳು ಚಪ್ಪಲಿ ಬಿಟ್ಟು ಹತ್ತಿ ಬಂದು, ಅವ್ವನ ಇನ್ನೊಂದು ಪಕ್ಕದಲ್ಲಿ ಕೂತಳು.

ಹೊರ ದ್ವೀಪಕ್ಕೆ ಹೋಗುವ ದೊಡ್ಡ ಬೋಟೊಂದು ಹತ್ತಿರದಲ್ಲೇ ಹಾದುಹೋಯಿತು. ಅದರ ಅಲೆಗೆ ನಮ್ಮ ದೋಣಿ ಜೋರಾಗಿ ವಾಲಿತು. ನಾನು ಬೆಚ್ಚಿ ಹಲಗೆಯ ಕಡೆಗೆ ತಿರುಗಿದೆ.

"ಚೆಲ್ಲಲ್ಲ ಬಿಡು," ಅಂದಳು ಅವ್ವ.

ಅಲೆ ಇಳಿಯಿತು. ಬಿಸಿಲು ಏರಿತು. ಅಪ್ಪನ ಎಡೆಗಾದರೆ ನಾವು ಇಷ್ಟು ಹೊತ್ತು ಕಾಯುವುದಿಲ್ಲ. ಹಿರಿಯಳು ಅವಳೇ, ಬಾಗಿಲು ತಟ್ಟಬೇಕಾದವಳೂ ಅವಳೇ. ಕೊನೆಗೆ ನಾನೇ ಮೆಲ್ಲಗೆ, "ತಟ್ಟು ಅವ್ವ," ಅಂದೆ.

ಅವಳು ತಿರುಗಿ ಕೈ ಎತ್ತಿದಳು. ಹಲಗೆಯ ಹತ್ತಿರ ತಂದ ಕೈಯನ್ನು ಹಾಗೇ ಕೆಳಗಿಳಿಸಿ ಮಡಿಲಲ್ಲಿ ಇಟ್ಟುಕೊಂಡಳು.

"ಇನ್ನೊಂಚೂರು ಹೊತ್ತು ಇರಾನ ಕಣ್ಲಾ," ಅಂದಳು. "ಅವ್ನು ಮೊದ್ಲಿಂದ್ಲೂ ನಿಧಾನಕ್ಕೆ ಉಣ್ಣೋನು."